ಹಳ್ಳದ ಆಚೆಯ ಮಣ್ಣು

ಚಿಲಕಹಾಳ ಕಾಗದದ ಮೇಲೆ ಒಂದೇ ಊರು, ನೆಲದ ಮೇಲೆ ಎರಡು. ಬೆಣ್ಣಿಹಳ್ಳದ ಆಚೆ ದಂಡೆಗೆ ಹಳೇ ಊರು, ಈಚೆ ದಂಡೆಗೆ ಹೊಸ ಊರು. ದೊಡ್ಡ ನೆರೆ ಬಂದು ಮಣ್ಣಿನ ಗೋಡೆಗಳೆಲ್ಲ ಕುಸಿದ ವರ್ಷ ಸರ್ಕಾರ ಈಚೆ ಕಡೆ ಐದು ಎಕರೆ ಹೊಲ ಕೊಂಡು ತೊಂಬತ್ನಾಲ್ಕು ಮನೆ ಕಟ್ಟಿಸಿಕೊಟ್ಟಿತ್ತು. ಬಹಳಷ್ಟು ಜನ ಬಂದರು. ಹೊಲ ಮನೆಯ ಮಗ್ಗುಲಲ್ಲೇ ಇದ್ದ ಮೂವತ್ತು ಮನೆಯವರು ಮಾತ್ರ ಗೋಡೆ ಎಬ್ಬಿಸಿಕೊಂಡು ಅಲ್ಲೇ ಉಳಿದರು. ಎರಡೂ ಕೂಡಿ ಆರುನೂರ ಹನ್ನೆರಡು ಜನ. ಶಾಲೆ, ಅಂಗನವಾಡಿ, ನೀರಿನ ಟಾಕಿ, ಬಸ್ಸು ನಿಲ್ಲುವ ಜಾಗ ಈಚೆ. ಗುಡಿ, ದರ್ಗಾ, ಪಂಚಾಯಿತಿಯ ಸ್ಮಶಾನ, ಖಬರಸ್ತಾನ ಎಲ್ಲ ಆಚೆ. ನಡುವೆ ಮೊಣಕಾಲೆತ್ತರದ ಒಂದು ಸಣ್ಣ ಸೇತುವೆ. ವರ್ಷದ ಒಂಬತ್ತು ತಿಂಗಳು ಹಳ್ಳದಲ್ಲಿ ದನ ಮೀಯುವಷ್ಟೂ ನೀರಿರುವುದಿಲ್ಲ, ಯಾರಿಗೂ ಏನೂ ತೊಂದರೆಯಿಲ್ಲ. ತೊಂದರೆ ಉಳಿದ ಮೂರು ತಿಂಗಳದು.

ಸುನಿತಾ ಈ ಊರಿನ ಪಂಚಾಯಿತಿ ಮೆಂಬರು. ಸೀಟು ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾದ ವರ್ಷ ಊರವರೆಲ್ಲ ಕೂತು, ಪಿಯುಸಿ ಓದಿದವಳು, ಕಾಗದ ಓದಿ ಸಹಿ ಹಾಕುತ್ತಾಳೆ ಎಂದು ಅವಳನ್ನೇ ನಿಲ್ಲಿಸಿದ್ದರು. ಎದುರಾಳಿಯೇ ಇರಲಿಲ್ಲ. ಗಂಡ ಕಿರಣಕುಮಾರ ಸಂಶಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಮಾವ ಹೊಳಬಸಪ್ಪ ಇಪ್ಪತ್ತಾರು ವರ್ಷ ಪಂಚಾಯಿತಿಯ ವಾಟರ್‌ಮನ್ ಆಗಿದ್ದವನು. ಬೆಳಿಗ್ಗೆ ಐದೂವರೆಗೆ ಈಚೆ ಊರಿನ ವಾಲ್ವು ತಿರುವಿ, ಸೈಕಲ್ ಹತ್ತಿ ಹಳ್ಳ ದಾಟಿ, ಏಳಕ್ಕೆ ಆಚೆ ಊರಿನ ವಾಲ್ವು ತಿರುವುತ್ತಿದ್ದ. ಯಾರ ಮನೆಯಲ್ಲಿ ಎಷ್ಟು ಕೊಡ, ಯಾರ ಮನೆಗೆ ಹೊಸ ಸೊಸೆ ಬಂದಿದ್ದಾಳೆ, ಯಾರ ಮನೆ ಖಾಲಿ ಬಿದ್ದಿದೆ ಎಂಬುದೆಲ್ಲ ಅವನಿಗೆ ಗೊತ್ತು. ಗಣತಿಗೆ ಬಂದ ಮಾಸ್ತರರು ಮೊದಲು ಅವನನ್ನೇ ಹುಡುಕುತ್ತಿದ್ದರು. ಅತ್ತೆ ದುಂಡವ್ವ ಮಾತು ಕಡಿಮೆಯ ಹೆಂಗಸು. ಮಗ ತಂದು ತೂಗುಹಾಕಿದ ಬುದ್ಧನ ಪಟದ ಪಕ್ಕದಲ್ಲೇ ಯಲ್ಲಮ್ಮನನ್ನೂ ಇಟ್ಟು ಇಬ್ಬರಿಗೂ ಒಂದೇ ದೀಪ ಹಚ್ಚುತ್ತಿದ್ದಳು. ಅವರಿಗೆ ಕಿರಣಕುಮಾರನಿಗಿಂತ ಮೊದಲು ಮಲ್ಲಮ್ಮ ಎಂಬ ಮಗಳು ಹುಟ್ಟಿದ್ದಳು. ಒಂಬತ್ತು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡು, ಆಚೆಯ ಸ್ಮಶಾನದಲ್ಲಿ ಒಂದು ಜಾಲಿ ಗಿಡದ ಬುಡದಲ್ಲಿ ಮಣ್ಣಾಗಿದ್ದಳು.

ಮೆಂಬರಾದ ಮೊದಲ ಮಳೆಗಾಲದಲ್ಲೇ ಸುನಿತಾಗೆ ಈಚೆ ಕಡೆ ಒಂದು ಸ್ಮಶಾನ ಬೇಕು ಎಂಬುದು ಅರ್ಥವಾಗಿತ್ತು. ಆ ವರ್ಷ ಮುದುಕಿಯೊಬ್ಬಳ ಹೆಣವನ್ನು, ಹಳ್ಳ ಇಳಿಯಲೆಂದು, ಒಂದು ಹಗಲು ಒಂದು ರಾತ್ರಿ ಅಂಗನವಾಡಿ ಕಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅಂದಿನಿಂದ ಅವಳು ಅರ್ಜಿ ಬರೆಯುತ್ತ ಬಂದಳು. ಪಂಚಾಯಿತಿಯ ಪಿಡಿಒ ಕಾಶಿನಾಥ ಒಳ್ಳೆಯ ಮನುಷ್ಯ. ಪ್ರತಿ ಅರ್ಜಿಯನ್ನೂ ಮೇಲಕ್ಕೆ ಕಳಿಸುತ್ತಿದ್ದ. ಮೇಲಿನಿಂದ ಪ್ರತಿ ಸಲವೂ ಒಂದೇ ಉತ್ತರ: ಚಿಲಕಹಾಳ ಗ್ರಾಮಕ್ಕೆ ಒಂದು ಎಕರೆ ನಾಲ್ಕು ಗುಂಟೆ ಸ್ಮಶಾನ ಈಗಾಗಲೇ ಇದೆ, ಜನಸಂಖ್ಯೆಗೆ ಅದು ಸಾಕು. ಹೊಸ ಊರನ್ನು ಬೇರೆ ಗ್ರಾಮವೆಂದು ಮಾಡಿದರೆ ಬೇರೆ ಸ್ಮಶಾನ ಕೇಳಬಹುದು. ಬೇರೆ ಗ್ರಾಮ ಮಾಡುವುದಕ್ಕೆ ಮತ್ತೊಂದು ಅರ್ಜಿ, ಅದಕ್ಕೆ ಬೇರೆ ಕಚೇರಿ. ಸುನಿತಾ ಅದನ್ನೂ ಬರೆದಳು. ಒಂದು ಸಲ ತಾಲ್ಲೂಕು ಕಚೇರಿಯಲ್ಲಿ ನಕಾಶೆ ತೆಗೆಸಿ ನೋಡಿದಳು. ಹಳ್ಳ ಅದರಲ್ಲಿ ಕೂದಲೆಳೆಯಂಥ ಒಂದು ನೀಲಿ ಗೆರೆಯಾಗಿತ್ತು. ನಕಾಶೆ ತೋರಿಸಿದ ಅಧಿಕಾರಿ, ಮನೆಯಿಂದ ಸ್ಮಶಾನಕ್ಕೆ ಏಳುನೂರು ಮೀಟರು, ಇಷ್ಟು ಹತ್ತಿರ ಎಷ್ಟು ಊರಿಗಿದೆ ಎಂದು ಕೇಳಿದ. ಅವನು ಹೇಳಿದ್ದು ಸುಳ್ಳಲ್ಲ.

ಅವಳ ಐದು ವರ್ಷದ ಅವಧಿಯ ಕೊನೆಯ ಮಳೆಗಾಲ. ಆಗಸ್ಟ್ ಮುಗಿಯುತ್ತ ಬಂದಿತ್ತು, ಹೆಸರುಕಾಳಿನ ಬೆಳೆ ಕಿತ್ತು ಒಕ್ಕಣೆ ಮಾಡುವ ಹೊತ್ತು. ಮೂರು ದಿನದಿಂದ ಮೇಲಿನ ಸೀಮೆಯಲ್ಲಿ ಬಿಡದೆ ಮಳೆ. ಒಂದು ಮಂಗಳವಾರ ಬೆಳಿಗ್ಗೆ ಹೊಳಬಸಪ್ಪ ರೊಟ್ಟಿ ಮುರಿದು ಬಾಯಿಗೆ ಇಡುವವನು ಎದೆ ಹಿಡಿದುಕೊಂಡು ಗೋಡೆಗೆ ಒರಗಿದ. ಸುನಿತಾ ಆಂಬ್ಯುಲೆನ್ಸಿಗೆ ಫೋನು ಮಾಡಿದಳು. ಅದು ಹೊರಟಿದೆ ಎಂದು ಉತ್ತರ ಬರುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ಆಗ ಹತ್ತು ಗಂಟೆ. ಸಂಶಿಯಿಂದ ಕಿರಣಕುಮಾರ ಬಂದು ಮುಟ್ಟಿದಾಗ ಹನ್ನೆರಡೂವರೆ. ಬರುವ ದಾರಿಯಲ್ಲೇ ಅವನು ಹಳ್ಳ ನೋಡಿದ್ದ. ಮನೆಯ ಹೊಸ್ತಿಲು ದಾಟುವ ಮೊದಲೇ ಹೆಂಡತಿಗೆ, ಸೇತುವೆ ಕಾಣುತ್ತಿಲ್ಲ ಎಂದು ಮೆಲ್ಲಗೆ ಹೇಳಿದ.

ಊರಿನ ಗಂಡಸರು ಹಳ್ಳದ ದಂಡೆಗೆ ಹೋಗಿ ನಿಂತು ನೋಡಿ ಬಂದರು. ಕೆಸರು ನೀರು ಒಂದಾಳೆತ್ತರಕ್ಕೆ ಏರಿ ಜಾಲಿಕಂಟಿಗಳನ್ನು ಎಳೆದುಕೊಂಡು ಹೋಗುತ್ತಿತ್ತು. ಆಚೆ ದಂಡೆಯಲ್ಲಿ ಹಳೇ ಊರಿನವರೂ ಬಂದು ನಿಂತಿದ್ದರು. ಸುದ್ದಿ ಅವರಿಗೆ ಫೋನಿನಲ್ಲಿ ಮುಟ್ಟಿತ್ತು. ಕುಣಿ ತೋಡಲೇ ಎಂದು ಒಬ್ಬ ಕೈಸನ್ನೆ ಮಾಡಿ ಕೇಳಿದ.

ಮನೆಯಲ್ಲಿ ದುಂಡವ್ವ ಗಂಡನ ತಲೆಯ ಬಳಿ ಕೂತಿದ್ದಳು. ಅದುವರೆಗೂ ಅತ್ತಿರಲಿಲ್ಲ. ಏನು ಮಾಡೋಣ ಎಂದು ಮಗ ಕೇಳಿದ.

"ಮಗಳ ಬಾಜು ಹಾಕ್ರಿ ಅಂತ ಎಷ್ಟು ಸಲ ಹೇಳ್ಯಾನ. ನೀರು ಇಳೀತೈತಿ. ಕಾಯೂಣು," ಎಂದಳು.

ಕಾದರು. ಮರುದಿನ ಬೆಳಿಗ್ಗೆ ನೀರು ಇಳಿಯುವುದಿರಲಿ, ಒಂದು ಮೊಳ ಏರಿತ್ತು. ಸುನಿತಾ ಹೊತ್ತು ಮೂಡುವುದರೊಳಗೆ ಕಾಶಿನಾಥನಿಗೆ ಫೋನು ಮಾಡಿ, ರಕ್ಷಣೆಯವರ ಬೋಟು ಸಿಕ್ಕೀತೇ ಎಂದು ಕೇಳಿದಳು. ಅವನು ವಿಚಾರಿಸಿ ಅರ್ಧ ಗಂಟೆಯಲ್ಲಿ ತಿರುಗಿ ಫೋನು ಮಾಡಿದ. ದನಿಯಲ್ಲಿ ನಾಚಿಕೆಯಿತ್ತು.

"ಮೆಂಬರ್ರ, ಬೋಟು ಯರಗುಪ್ಪಿ ಕಡೆ ಹೋಗೈತ್ರಿ. ಕುರಿಯವ್ರು ನೀರಿನ ನಡುವ ಸಿಕ್ಕಾರ, ಸಣ್ಣ ಕೂಸು ಬ್ಯಾರೆ ಐತಂತ. ಜೀವ ಇದ್ದವ್ರನ್ನ ಬಿಟ್ಟು ಬರ್ರಿ ಅಂತ ನಾ ಹ್ಯಾಂಗ ಹೇಳ್ಲಿ?"

ಹೇಳಬೇಡಿ ಎಂದಳು ಸುನಿತಾ. ಹುಬ್ಬಳ್ಳಿಯಿಂದ ಹೆಣ ಕೆಡದಂತೆ ಇಡುವ ತಂಪುಪೆಟ್ಟಿಗೆ ತರಿಸಲು ಕಿರಣಕುಮಾರ ನೋಡಿದ. ಪೆಟ್ಟಿಗೆಯ ಗಾಡಿಯವನು ಅರ್ಧ ದಾರಿ ಬಂದು, ರಸ್ತೆಯ ಮೇಲೆ ಮತ್ತೊಂದು ಹಳ್ಳ ಹರಿಯುತ್ತಿರುವುದನ್ನು ಕಂಡು ಹಿಂದಿರುಗಿದ. ಕರೆಂಟು ಹೇಗೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊದಿನಕಡ್ಡಿಯ ಹೊಗೆಗೂ ಮುಚ್ಚಲಾಗದ ವಾಸನೆ ಮನೆಯಿಂದ ಹೊರಬರತೊಡಗಿತು. ಕೂತವರು ಒಬ್ಬೊಬ್ಬರಾಗಿ ಅಂಗಳಕ್ಕೆ ಸರಿದರು. ದುಂಡವ್ವ ಸರಿಯಲಿಲ್ಲ.

ಸುನಿತಾ ತಲೆಯ ಮೇಲೆ ಗೊಬ್ಬರದ ಚೀಲ ಹಾಕಿಕೊಂಡು ಮಡಿವಾಳೆಪ್ಪನ ಮನೆಗೆ ಹೋದಳು. ಹೊಸ ಊರಿಗೆ ಮೂರು ಕಡೆ ಅವನ ಹೊಲ, ನಾಲ್ಕನೆಯ ಕಡೆ ಹಳ್ಳ. ಮನೆಗಳಿಗೆಂದು ಸರ್ಕಾರ ಕೊಂಡಿದ್ದೂ ಅವನ ಹೊಲವನ್ನೇ. ಅವನ ತಂದೆತಾಯಿ ಅದೇ ಹೊಲದ ಬೇವಿನ ಗಿಡದ ಕೆಳಗೆ ಸಮಾಧಿಯಾಗಿದ್ದರು. ಅವನೂ ಹೊಳಬಸಪ್ಪನೂ ಒಂದೇ ವಾರಗೆಯವರು. ಸಂಜೆ ಟಾಕಿಯ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತ ಮಾತಾಡುವುದು ಅವರಿಬ್ಬರ ರೂಢಿ.

"ಕಾಕಾರ, ಆರಡಿ ಜಾಗಾ ಸಾಕ್ರಿ. ಬದುವಿನ ಮ್ಯಾಲಾದ್ರೂ ನಡೀತೈತಿ," ಎಂದಳು.

ಮುದುಕನ ಕಣ್ಣು ತುಂಬಿದವು. "ಹೊಳಬಸಪ್ಪಗ ನಾ ಹ್ಯಾಂಗ ಇಲ್ಲ ಅನ್ಲಿ, ತಂಗಿ? ಬೇವಿನ ಗಿಡದ ಆ ಕಡೆ ತಗೀರಿ," ಎಂದ.

ಒಳಗಿನಿಂದ ಅವನ ಮಗ ಸುಭಾಸ ಬಂದ. ಅಪ್ಪನ ಕಡೆ ನೋಡಲಿಲ್ಲ. ಸುನಿತಾಳ ಎದುರು ಕಟ್ಟೆಯ ಮೇಲೆ ಕೂತು, ಬೈಯುವ ದನಿಯಲ್ಲಲ್ಲ, ಸಮಾಧಾನವಾಗಿಯೇ ಮಾತಾಡಿದ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇವತ್ತು ಒಬ್ರು ಬಂದೀರಿ. ಮುಂದಿನ ಮಳ್ಯಾಗ ಇನ್ನೊಬ್ರು ಬರ್ತಾರ. ಅವ್ರಿಗೆ ನಾ ಏನಂತ ಹೇಳ್ಲಿ? ಐದು ಎಕರೆ ಮನಿಗೋಳಿಗೆ ಹೋತು. ಉಳಿದದ್ದು ಸುಡುಗಾಡಂತ ಬರದ್ರ ನಾವೆಲ್ಲಿ ಹೋಗೂಣ್ರಿ? ನೀವು ಮೆಂಬರ್ ಅದೀರಿ, ನೀವ ಹೇಳ್ರಿ."

ಮುಂದಿನ ಮಳೆಗೆ ಇನ್ನೊಬ್ಬರು ಬಂದೇ ಬರುತ್ತಾರೆ ಎಂಬುದು ಸುನಿತಾಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮಡಿವಾಳೆಪ್ಪ ಮಗನ ಕಡೆ ನೋಡಿದ, ಹೊಲದ ಕಡೆ ನೋಡಿದ. ಹೊಲ ಈಗ ಮಗನ ಹೆಸರಿಗಿತ್ತು. ಮುದುಕನ ಹೆಂಡತಿ ಗೌರಕ್ಕ ಒಳಗಿನಿಂದ ಒಂದು ಹೊಸ ಧೋತರ ತಂದು, ಮಾವನಿಗೆ ಹೊದಿಸು ಎಂದು ಸುನಿತಾಳ ಕೈಗಿಟ್ಟಳು. ಅವಳು ಅದನ್ನು ಚೀಲದೊಳಗೆ ನೆನೆಯದಂತೆ ಇಟ್ಟುಕೊಂಡು ಹಿಂದಿರುಗಿದಳು.

ಉಳಿದದ್ದು ಒಂದೇ ಜಾಗ. ಹೊಸ ಊರಿನ ಅಂಚಿನಲ್ಲಿ ಉದ್ಯಾನಕ್ಕೆಂದು ಬಿಟ್ಟ ಅರ್ಧ ಎಕರೆ. ಉದ್ಯಾನ ಎಂದೂ ಆಗಿರಲಿಲ್ಲ. ಒಂದು ಮೂಲೆಯಲ್ಲಿ ಬೋರ್‌ವೆಲ್ಲು, ನೀರಿನ ಟಾಕಿ. ಉಳಿದದ್ದರಲ್ಲಿ ಕಸ, ಕಣಿಕೆಯ ಬಣವೆ. ಅಲ್ಲಿ ಮಾಡೋಣ ಎಂದು ಮೊದಲು ಹೇಳಿದವನು ಕಿರಣಕುಮಾರ. ಸುನಿತಾ ತಡೆದಳು, ಕುಡಿಯುವ ನೀರಿನ ಹತ್ತಿರ ಬೇಡ ಎಂದಳು. ಬೇರೆಲ್ಲಿ ಎಂದು ಅವನು ಕೇಳಿದ. ಶಾಲೆಯ ಅಂಗಳವೇ? ರಸ್ತೆಯ ಗಟಾರವೇ? ಗಟಾರದಲ್ಲಿ ಸೊಂಟಮಟ್ಟ ನೀರಿತ್ತು. ಮನೆಯೊಳಗಿನಿಂದ ವಾಸನೆ ಬರುತ್ತಿತ್ತು.

ಬೋರ್‌ವೆಲ್ಲಿನಿಂದ ಎಷ್ಟು ದೂರವೋ ಅಷ್ಟು ದೂರದ ಮೂಲೆಯಲ್ಲಿ ಕುಣಿ ತೋಡಿದರು. ಕಪ್ಪು ಎರೆ ಮಣ್ಣು, ತೋಡಿದಷ್ಟೂ ಜಾರಿ ಒಳಗೇ ಬೀಳುತ್ತಿತ್ತು. ನಾಲ್ಕು ಅಡಿಗೇ ನೀರು ಒಸರಿತು. ಟಾಕಿಯ ಪಕ್ಕದ ಮೊದಲ ಮನೆ ಖಾದರಬಿಯದು. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೊಡದಲ್ಲಿ ನೀರು ತಂದು ತೋಡುವವರಿಗೆ ಕೊಟ್ಟಳು.

ಸಿದಿಗೆ ಎತ್ತುವಾಗ ಮಾತ್ರ ದುಂಡವ್ವ ಎದ್ದು ಬಾಗಿಲಿಗೆ ಅಡ್ಡ ನಿಂತಳು. "ಅಲ್ಲೆ ಅವನೊಬ್ಬನ್ನ ಹಾಕ್ತೀರೇನು? ನಮ್ಮವ್ರು ಒಬ್ಬರೂ ಇಲ್ಲದಲ್ಲೆ?" ಎಂದು ಕೇಳಿದಳು. ಸುನಿತಾ ಅತ್ತೆಯ ಭುಜ ಹಿಡಿದು ಪಕ್ಕಕ್ಕೆ ಕರೆದುಕೊಂಡಳು. ಮುದುಕಿಯ ಮೈ ಹತ್ತಿಯಷ್ಟು ಹಗುರಾಗಿತ್ತು, ಎಳೆದ ಕಡೆಗೆ ಬಂತು. ಮಡಿವಾಳೆಪ್ಪ ಬರಿಗಾಲಲ್ಲಿ ಬಂದು, ಎಲ್ಲರ ಹಿಂದೆ ನಿಂತು, ಕೊನೆಗೆ ಒಂದು ಹಿಡಿ ಮಣ್ಣು ಹಾಕಿ ಹೋದ.

ಮಳೆ ನಿಂತಿತು. ಐದನೆಯ ದಿನ ಸೇತುವೆ ಕಂಡಿತು. ಅದೇ ದಿನ ಖಾದರಬಿ ಸುನಿತಾಳನ್ನು ಹಿತ್ತಲಿಗೆ ಕರೆದಳು.

"ತಂಗಿ, ತಪ್ಪು ತಿಳೀಬ್ಯಾಡ. ಹೊಳಬಸಪ್ಪಣ್ಣ ನಮಗ ಮನಿ ಮನಿಶ್ಯಾ. ಆದ್ರ ನೀರು ಕುಡ್ಯಾಕ ಮನಸ್ಸು ಬರವಲ್ದು. ನಮ್ಮ ಹುಡುಗ್ರು ವಾಸನಿ ಐತಿ ಅಂತಾರ. ಐತೋ ಇಲ್ಲೋ, ನನಗೂ ಹಾಂಗ ಅನಸ್ತೈತಿ."

ಸುನಿತಾ ತಲೆಯಾಡಿಸಿದಳು. ಆ ದಿನ ಬೆಳಿಗ್ಗೆ ಅವಳೇ ಕ್ಯಾನು ಹಿಡಿದು ಶಾಲೆಯ ಮಳೆನೀರಿನ ತೊಟ್ಟಿಯಿಂದ ಮನೆಗೆ ನೀರು ತಂದಿದ್ದಳು. ಊರಿನಲ್ಲಿ ಇಪ್ಪತ್ತಾರು ವರ್ಷ ಹೊಳಬಸಪ್ಪ ಬಿಟ್ಟ ನೀರನ್ನೇ ಕುಡಿದ ಜನ. ಬಾಯಿಬಿಟ್ಟು ಯಾರೂ ಬೈಯಲಿಲ್ಲ. ಯಾರೋ ಮೊಬೈಲಿನಲ್ಲಿ ಟಾಕಿ, ಹೊಸ ಗೋರಿ ಎರಡೂ ಕಾಣುವಂತೆ ಚಿತ್ರ ತೆಗೆದು ಆರೋಗ್ಯ ಇಲಾಖೆಯವರಿಗೆ ಕಳಿಸಿದರು. ಯಾರೆಂದು ತಿಳಿಯಲು ಸುನಿತಾ ಪ್ರಯತ್ನಪಡಲಿಲ್ಲ. ತಾನು ಬೇರೆ ಮನೆಯವಳಾಗಿದ್ದರೆ ತಾನೂ ಕಳಿಸುತ್ತಿದ್ದೆ ಎಂದು ಕಿರಣಕುಮಾರನಿಗೆ ಹೇಳಿದಳು. ಅವನು ಎರಡು ದಿನ ಅವಳೊಡನೆ ಮಾತು ಬಿಟ್ಟ.

ನೀರಿನ ಪರೀಕ್ಷೆಯವರು ಬಂದು ಬಾಟಲಿ ತುಂಬಿಕೊಂಡು ಹೋದರು. ನೀರು ಕುಡಿಯಲು ಯೋಗ್ಯವಲ್ಲ ಎಂದು ವರದಿ ಬಂತು. ಮಳೆಗಾಲದಲ್ಲಿ ಪ್ರತಿ ವರ್ಷವೂ ಅದೇ ವರದಿ ಬರುತ್ತದೆ ಎಂದು ಕಾಶಿನಾಥ ತಹಶೀಲ್ದಾರರಿಗೆ ಹೇಳಿ ನೋಡಿದನಂತೆ. ಈ ಸಲ ಕಾರಣ ಕಣ್ಣೆದುರಿಗೇ ಇತ್ತು. ಶವವನ್ನು ಹೊರತೆಗೆದು ಗ್ರಾಮದ ಸ್ಮಶಾನಕ್ಕೆ ಸಾಗಿಸಬೇಕು ಎಂದು ಆದೇಶವಾಯಿತು. ಅದಕ್ಕೆ ಪಂಚಾಯಿತಿಯ ಠರಾವು ಬೇಕು.

ಸಭೆ ಸೇರಿತು. ಠರಾವಿಗೆ ಒಬ್ಬರು ಸೂಚಕರು, ಒಬ್ಬರು ಅನುಮೋದಕರು ಇರಬೇಕು. ವಿಷಯ ಯಾವ ಊರಿನದೋ ಆ ಊರಿನ ಮೆಂಬರೇ ಸೂಚಿಸುವುದು ಅಲ್ಲಿಯ ಪದ್ಧತಿ. ಚಿಲಕಹಾಳಕ್ಕೆ ಇದ್ದವಳು ಒಬ್ಬಳೇ ಮೆಂಬರು. ಕಾಶಿನಾಥ ಪುಸ್ತಕವನ್ನು ಅವಳ ಮುಂದೆ ಸರಿಸಲು ಹಿಂಜರಿದ, ಬೇರೆಯವರ ಹೆಸರು ಹಾಕಲೇ ಎಂದು ಕೇಳಿದ. ಉಳಿದ ಮೆಂಬರುಗಳು ಟೇಬಲ್ಲಿನ ಮೇಲಿನ ಚಹದ ಕಪ್ಪುಗಳನ್ನೇ ನೋಡುತ್ತಿದ್ದರು. ಮೊದಲಿನಿಂದ ಕಡೆಯವರೆಗೆ ಓದಿ ಸಹಿ ಹಾಕುವುದು ಸುನಿತಾಳ ಅಭ್ಯಾಸ. ಓದಿದಳು. 'ಸದರಿ ಮೃತ ವ್ಯಕ್ತಿ' ಎಂದಿದ್ದ ಕಡೆ, ಹೆಸರು ಬರೆಯಿರಿ ಎಂದಳು. ಕಾಶಿನಾಥ ಅದನ್ನು ಹೊಡೆದುಹಾಕಿ ಹೊಳಬಸಪ್ಪ ಎಂದು ಬರೆದ. ಅವಳು ಸಹಿ ಹಾಕಿದಳು.

ಹದಿನಾರನೆಯ ದಿನ ತೆಗೆದರು. ತಹಶೀಲ್ದಾರರು, ಒಬ್ಬ ಡಾಕ್ಟರು, ಇಬ್ಬರು ಪೊಲೀಸರು ಬಂದಿದ್ದರು. ಕೂಲಿಗೆ ಕರೆಸಿದವರು ಬಾಯಿಗೆ ಬಟ್ಟೆ ಕಟ್ಟಿಕೊಂಡು ನಿಂತಾಗ ಕಿರಣಕುಮಾರ ಅವರ ಕೈಯಿಂದ ಸಲಿಕೆ ಇಸಿದುಕೊಂಡು ತಾನೇ ಕುಣಿಗೆ ಇಳಿದ. ಹೆಂಗಸರನ್ನು ದೂರ ನಿಲ್ಲಿಸಿದ್ದರು. ಗೌರಕ್ಕ ಕೊಟ್ಟಿದ್ದ ಧೋತರದ ಅಂಚು ಮಣ್ಣಿನಿಂದ ಮೇಲೆ ಬಂದಾಗ ಸುನಿತಾ ಮುಖ ತಿರುಗಿಸಿದಳು. ದುಂಡವ್ವ ತಿರುಗಿಸಲಿಲ್ಲ.

ಪ್ಲಾಸ್ಟಿಕ್ ತಾಡಪತ್ರಿಯಲ್ಲಿ ಸುತ್ತಿ ಟ್ರ್ಯಾಕ್ಟರಿನಲ್ಲಿ ಇಟ್ಟು ಸೇತುವೆ ದಾಟಿದರು. ನೀರು ಪಾದ ಮುಳುಗುವಷ್ಟಿತ್ತು. ಆಚೆ ಊರಿನವರು ದಾರಿಯುದ್ದಕ್ಕೂ ನಿಂತಿದ್ದರು. ಸ್ಮಶಾನ ಮುಟ್ಟಿದಾಗ ಯಾರಿಗೂ ಗುರುತು ಹತ್ತಲಿಲ್ಲ. ಹಳ್ಳ ಅದರ ಮೇಲೆ ಎರಡು ಅಡಿ ಹೂಳು ಹರಡಿ ಹೋಗಿತ್ತು. ಕಲ್ಲುಗಳಿರಲಿಲ್ಲ, ಜಾಲಿ ಗಿಡವಿರಲಿಲ್ಲ. ಒಣಗಿ ಬಿರುಕು ಬಿಡತೊಡಗಿದ ಒಂದೇ ಸಮನೆಯ ಕರಿ ನೆಲ.

ದುಂಡವ್ವ ಸೀರೆಯ ನೆರಿಗೆ ಎತ್ತಿ ಹಿಡಿದು ಆ ಕೆಸರಿನಲ್ಲಿ ನಡೆದಳು. ಒಂದು ಕಡೆ ನಿಂತಳು, ಗುಡಿಯ ಶಿಖರ ನೋಡಿದಳು, ಹತ್ತು ಹೆಜ್ಜೆ ಹಿಂದೆ ಬಂದಳು. ಮತ್ತೊಂದು ಕಡೆ ಹೋಗಿ ಬಗ್ಗಿ ಕೈಯಿಂದ ಮಣ್ಣು ಸರಿಸಿದಳು. ತಹಶೀಲ್ದಾರರು ಗಡಿಯಾರ ನೋಡಿದರು. ಎಲ್ಲರೂ ನಿಂತೇ ಇದ್ದರು. ಬಹಳ ಹೊತ್ತಿನ ಮೇಲೆ ಅವಳು, "ಇಲ್ಲೆ ಇರಬೇಕು," ಎಂದಳು. ಅವಳಿಗೆ ಗೊತ್ತಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕಿರಣಕುಮಾರ ಅವಳು ತೋರಿಸಿದಲ್ಲೇ ತೋಡಿದ.

ಚಳಿಗಾಲದಲ್ಲಿ ಸುನಿತಾಳ ಅವಧಿ ಮುಗಿಯಿತು. ಚುನಾವಣೆ ಮುಂದೆ ಹೋಗಿ, ಪಂಚಾಯಿತಿಗೆ ಆಡಳಿತಾಧಿಕಾರಿ ಬಂದ. ಕಾಶಿನಾಥನಿಗೆ ವರ್ಗವಾಯಿತು. ಹೋಗುವ ಮೊದಲು ಅವನು ಸ್ಮಶಾನದ ಫೈಲನ್ನು ಒಂದು ಹೆಜ್ಜೆ ಮುಂದೆ ಸಾಗಿಸಿದ್ದ. ಸರ್ವೆಯವರು ಬಂದು ಅಳತೆ ಮಾಡಿ, ಗ್ರಾಮದಲ್ಲಿ ಸ್ಮಶಾನಕ್ಕೆ ಇನ್ನೂ ಇಪ್ಪತ್ತು ಗುಂಟೆ ಸರ್ಕಾರಿ ಜಾಗ ಲಭ್ಯವಿದೆ ಎಂದು ಬರೆದುಕೊಂಡು ಹೋದರು. ಅದು ಹಳೇ ಊರಿನ ಬದಿಗೆ, ಆಚೆ ದಂಡೆಯಲ್ಲಿತ್ತು. ಸುನಿತಾ ಹೊಸ ಅಧಿಕಾರಿಯ ಬಳಿ ಹೋಗಿ ಇದನ್ನೆಲ್ಲ ಮೊದಲಿನಿಂದ ಹೇಳಿದಳು. ಅವನು ಗಮನವಿಟ್ಟು ಕೇಳಿ, ತಾವು ಈಗ ಮೆಂಬರೇ ಎಂದು ವಿಚಾರಿಸಿದ. ಅಲ್ಲ ಎಂದಳು. ಹಾಗಾದರೆ ಸಾರ್ವಜನಿಕರ ಅರ್ಜಿ ಎಂದು ಕೊಡಿ ಎಂದ. ಕೊಟ್ಟು ಬಂದಳು.

ಊರವರು ಮತ್ತೆ ಟಾಕಿಯ ನೀರು ಕುಡಿಯತೊಡಗಿದ್ದರು. ದುಂಡವ್ವ ಗಂಡನ ಮಾತನ್ನಾಗಲಿ ಮಗಳ ಮಾತನ್ನಾಗಲಿ ಎತ್ತುತ್ತಿರಲಿಲ್ಲ. ಈ ವರ್ಷ ಮೇ ತಿಂಗಳ ಕೊನೆಗೆ ಮೊದಲ ದೊಡ್ಡ ಮಳೆ ಬಿದ್ದ ಮಧ್ಯಾಹ್ನ, ಸುನಿತಾ ಒಣಹಾಕಿದ ಸಂಡಿಗೆ ಒಳಗೆ ತರುತ್ತಿದ್ದಾಗ, ಪಡಸಾಲೆಯಲ್ಲಿ ಕೂತಿದ್ದ ಮುದುಕಿ ತಾನಾಗಿಯೇ ಮಾತಾಡಿದಳು.

"ಸುನಿತಾ, ನಾ ಬ್ಯಾಸಗ್ಯಾಗ ಸಾಯಾಕ ನೋಡ್ತಿದ್ನೆವ್ವ. ಆಗಲಿಲ್ಲ. ಈ ಮಳಿ ಒಂದು ಕಳದ್ರ, ಮುಂದಿನ ಬ್ಯಾಸಗ್ಯಾಗ ನೋಡ್ತೇನಿ."

ಸುನಿತಾ ಸಂಡಿಗೆಯ ಮೊರವನ್ನು ಕೆಳಗಿಟ್ಟು ಅತ್ತೆಯ ಪಕ್ಕದಲ್ಲಿ ಕೂತಳು. ಹೊರಗೆ ಮಳೆ ಜೋರಾಯಿತು. ಒಂದಷ್ಟು ಸಂಡಿಗೆ ಅಂಗಳದಲ್ಲೇ ಉಳಿದಿತ್ತು, ನೆನೆಯುತ್ತಿತ್ತು. ಅವಳು ಏಳಲಿಲ್ಲ.